ಅಟ್ಟಕ್ಕೆ ಎಷ್ಟು ಗಾಳಿ ಬೇಕು? ಒಂದು ಹಳೇ ಲೆಕ್ಕ

ನಮ್ಮ ನಾದಿನಿ ಊರ ಹೊರಗೆ ತೋಟದಲ್ಲಿ ಹೊಸ ಮನೆ ಕಟ್ಟಿಸ್ತಾವ್ಳೆ. ಕೆಳಗೆ ವಾಸ, ಮೇಲೆ ಕೊಬ್ಬರಿ ಅಟ್ಟ. ಅಟ್ಟದ ಮೇಲೆ ಶೀಟು. ಮೇಸ್ತ್ರಿ ಒಂದು ಹೇಳಿದ್ರೆ ಶೀಟು ಅಂಗಡಿಯವರು ಇನ್ನೊಂದು ಹೇಳ್ತಾರೆ, ಬೆಂಗಳೂರಲ್ಲಿರೋ ಅವಳ ಮಗ ಫೋನಲ್ಲಿ ನೋಡಿ ಮೂರನೇದು ಹೇಳ್ತಾನೆ. "ಅತ್ತಿಗೆ, ಅಟ್ಟಕ್ಕೆ ಎಷ್ಟು ಕಿಂಡಿ ಬಿಡಿಸ್ಲಿ?" ಅಂತ ನನ್ನ ಕೇಳಿದ್ಲು. ಕೇಳೋಕೆ ಸಣ್ಣ ಮಾತು. ಆದ್ರೆ ಮೂರು ಸಾವಿರ ಕಾಯಿ ಹತ್ತು ತಿಂಗಳು ಆ ಅಟ್ಟದ ಮೇಲೆ ಕೂರ್ತವೆ. ಒಂದು ಕೊಬ್ಬರಿ 150 ಗ್ರಾಂ ಅಂತ ಇಟ್ಕೊಂಡ್ರೂ ನಾಲ್ಕೂವರೆ ಕ್ವಿಂಟಾಲ್ ಆಯ್ತು. ಉಂಡೆ ಕೊಬ್ಬರಿಗೆ ಸರ್ಕಾರ 2025ಕ್ಕೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲೇ 54 ಸಾವಿರದ ಮೇಲಾಯ್ತು. ಮಗಳ ಕಾಲೇಜು ಫೀಸು ಅದರಲ್ಲೇ ಕಟ್ಟಬೇಕು. ಗಾಳಿ ಆಡದೆ ಬೂಷ್ಟು ಹಿಡಿದ್ರೆ ಆ ದುಡ್ಡು ಹೋಯ್ತು ಅಂತಲೇ ತಿಳ್ಕೊಳಿ.

ಅದಕ್ಕೇ ನಾನು ಈ ಲೆಕ್ಕ ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡ್ದೆ. ನಿಮಗೂ ಹೇಳ್ತೀನಿ, ಕೂತ್ಕೊಂಡು ಓದ್ರಮ್ಮ.

ಮೊದಲು ನಮ್ಮ ಹಳೇ ಮನೆಗಳು. ಹೆಂಚು ಬರೋಕೆ ಮುಂಚೆ ಈ ಬಯಲುಸೀಮೇಲಿ ಇದ್ದಿದ್ದು ಹುಲ್ಲಿನ ಮನೆ, ಗರಿ ಮನೆ, ಇಲ್ಲ ಅಂದ್ರೆ ಮಾಳಿಗೆ ಮನೆ. ಮಾಳಿಗೆ ಅಂದ್ರೆ ಗೊತ್ತಲ್ಲ: ಕಂಬ, ತೊಲೆ, ಅದರ ಮೇಲೆ ಜಂತೆ, ಜಂತೆ ಮೇಲೆ ಸೊಪ್ಪುಸದೆ, ಅದರ ಮೇಲೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿದ್ದು. ಗೋಡೆ ದಪ್ಪ, ಕಿಟಕಿ ಸಣ್ಣದು. ಹಾಗಾದ್ರೆ ಗಾಳಿಗೆ? ಮೇಲೆ ಮಾಳಿಗೇಲೇ ಒಂದು ತೂತು ಬಿಡೋರು. ಅದನ್ನ ಗವಾಕ್ಷಿ ಅಂತಲೋ ಬೆಳಕಿಂಡಿ ಅಂತಲೋ ಕರೆಯೋರು. ಅದರಲ್ಲಿ ಬೆಳಕು ಕೆಳಗೆ ಇಳಿಯೋದು, ಒಲೆ ಹೊಗೆ ಮೇಲಕ್ಕೆ ಹತ್ತೋದು. ಮಳೆ ಬಂದ್ರೆ ಯಾರಾದ್ರೂ ಹತ್ತಿ ಚಪ್ಪಡಿನೋ ಮಡಕೆನೋ ಮುಚ್ಚಿ ಬರೋರು.

ಆ ಹೆಸರುಗಳೇ ಚೆಂದ ನೋಡಿ. ಗವಾಕ್ಷ ಅಂದ್ರೆ ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಅನ್ನೋ ಪದಾನೂ ಹಳೇ ನಾರ್ಸ್ ಭಾಷೇಲಿ 'ಗಾಳಿಯ ಕಣ್ಣು' ಅನ್ನೋ ಅರ್ಥದ ಮಾತಿಂದ ಬಂದಿದ್ದಂತೆ. ಸಾವಿರಾರು ಮೈಲಿ ದೂರದ ಎರಡು ಜನ ಗೋಡೇಲಿ ತೂತು ನೋಡಿ ಕಣ್ಣು ಅಂತಲೇ ಅಂದ್ರು. ಕಣ್ಣಿಗೆ ರೆಪ್ಪೆ ಇರೋ ಹಾಗೆ ಗವಾಕ್ಷಿಗೆ ಮುಚ್ಚಳಾನೂ ಇತ್ತು. ಈ ಮುಚ್ಚಳದ ಮಾತು ನೆನಪಿಟ್ಕೊಳಿ, ಆಮೇಲೆ ಬೇಕಾಗ್ತದೆ.

ಇನ್ನು ಅಟ್ಟ. ಬೇರೆ ಸೀಮೇಲಿ ಅಟ್ಟ ಅಂದ್ರೆ ಹಳೇ ಪಾತ್ರೆ, ಮುರಿದ ತೊಟ್ಲು ಎಸೆಯೋ ಜಾಗ. ನಮ್ಮ ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಅಟ್ಟ ಅಂದ್ರೆ ದುಡಿಯೋ ಜಾಗ. ಎಣ್ಣೆಗೆ ಹೋಗೋ ಕೊಬ್ಬರೀನ ಕರಾವಳಿ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕಿ ಒಂದು ವಾರದಲ್ಲಿ ಒಣಗಿಸ್ತಾರೆ. ನಾವು ಹಾಗಲ್ಲ. ಚೆನ್ನಾಗಿ ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟಕ್ಕೆ ಏರಿಸ್ತೀವಿ. ಎಂಟು ತಿಂಗಳಿಂದ ಒಂದು ವರ್ಷ ಅಲ್ಲೇ ಬಿಡ್ತೀವಿ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿಂದ ತಾನೇ ಬಿಟ್ಕೊಂಡು ಗಿಟುಕಾಗ್ತದೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಮೊದಲು ನೀರಿನ ಸದ್ದು, ಆಮೇಲೆ ಏನೂ ಇಲ್ಲ, ಕೊನೆಗೆ ಕಟಕಟ ಅಂತ ಗಿಟುಕಿನ ಸದ್ದು. ನಮ್ಮ ಅಜ್ಜಿಯರಿಗೆ ಯಾವ ಮೀಟರೂ ಬೇಕಿರಲಿಲ್ಲ, ಸದ್ದಲ್ಲೇ ತಿಳಿಯೋರು.

ಆ ಅಟ್ಟದ ತಳ ಹೇಗಿತ್ತು ಅಂತ ನೆನಪು ಮಾಡ್ಕೊಳಿ. ಹಲಗೆ ಹೊಡೆದು ಮುಚ್ಚಿದ್ದಲ್ಲ. ಅಡಿಕೆ ದಬ್ಬೆನೋ ಬಿದಿರ ಗಳಾನೋ ಸಂದು ಬಿಟ್ಟು ಹಾಸಿದ್ದು. ಕೆಳಗೆ ಒಲೆ ಉರಿದ್ರೆ ಬಿಸಿ ಗಾಳಿ, ಹೊಗೆ ಆ ಸಂದಲ್ಲಿ ಹತ್ತಿ, ಕಾಯಿಗಳ ಮಧ್ಯೆ ನುಸುಳಿ, ಮಾಡಿನ ಸಂದಲ್ಲಿ ಹೊರಗೆ ಹೋಗೋದು. ಅಂದ್ರೆ ಗಾಳಿಗೆ ಬರೋ ದಾರಿ ಕೆಳಗೆ, ಹೋಗೋ ದಾರಿ ಮೇಲೆ, ಮಧ್ಯೆ ತಳ್ಳೋ ಬಿಸಿ. ಮೂರೂ ಇತ್ತು. ಯಾರೂ ಚದರಡಿ ಲೆಕ್ಕ ಹಾಕಿರಲಿಲ್ಲ, ಕೆಲಸ ಮಾತ್ರ ನಡೀತಿತ್ತು.

ಆಮೇಲೆ ಬಂತು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅನ್ನೋ ಜರ್ಮನ್ ಪಾದ್ರಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ, ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಹೊಳೆಯ ಜೇಡಿಮಣ್ಣು ಅದಕ್ಕೆ ಒಪ್ಪಿತು. ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡು ಕೂರೋ ಆ ಹೆಂಚಿನ ಮಾದರಿ ಫ್ರಾನ್ಸಿನಲ್ಲಿ 1840ರ ಸುಮಾರಿಗೆ ಗಿಲಾರ್ಡೋನಿ ಸಹೋದರರು ಮಾಡಿದ್ದು. ಮಂಗಳೂರಿಂದ ಅದು ಘಟ್ಟ ಹತ್ತಿ ನಮ್ಮ ಕಡೇಗೂ ಬಂತು. ನಾಡಹೆಂಚಿನ ಹಾಗೆ ವರ್ಷಾ ವರ್ಷಾ ಕೈಯಾಡಿಸೋದು ತಪ್ಪಿತು. ಮಳೆ ಒಳಗೆ ಬರಲಿಲ್ಲ, ಗಾಳಿ ಮಾತ್ರ ಬರ್ತಾನೇ ಇತ್ತು. ಯಾಕಂದ್ರೆ ಎರಡು ಹೆಂಚು ಸೇರೋ ಕಡೆ ಒಂದು ಸಣ್ಣ ಸಂದು ಉಳಿದೇ ಉಳಿತದೆ. ಒಂದು ಸಂದು ಏನೂ ಅಲ್ಲ, ಆದ್ರೆ ಸಾವಿರ ಹೆಂಚಿನ ಸಂದು ಸೇರಿದ್ರೆ ದೊಡ್ಡ ಕಿಟಕಿ ಆಗ್ತದೆ. ಅಷ್ಟು ಸಾಲದು ಅನ್ನೋರಿಗೆ ಅಂತ ಕಾರ್ಖಾನೆಯವರು ಗೂಡಿನ ಹಾಗೆ ಬಾಯಿ ತೆರೆದ ಗಾಳಿ ಹೆಂಚನ್ನೂ, ಬೆಳಕಿಗೆ ಗಾಜಿನ ಹೆಂಚನ್ನೂ ಮಾಡಿದ್ರು. ಹಾಗಾಗಿ ಹೆಂಚಿನ ಮನೇಲಿ ಅಟ್ಟದ ಗಾಳಿ ಅನ್ನೋದು ಯಾರ ಚಿಂತೇನೂ ಆಗಿರಲಿಲ್ಲ.

ಗಾಳಿ ಸರ್ಕಾರದ ಚಿಂತೆ ಆಗಿದ್ದು ಪ್ಲೇಗ್ ಬಂದ ಮೇಲೆ. 1896ರಲ್ಲಿ ಮುಂಬೈಯಲ್ಲಿ ಶುರುವಾಗಿ, ಹುಬ್ಬಳ್ಳಿ ಕಡೆಯಿಂದ ರೈಲು ದಾರೀಲಿ 1898ರ ಆಗಸ್ಟಲ್ಲಿ ಬೆಂಗಳೂರು ಮುಟ್ಟಿತು. ಆ ಹಳಿ ನಮ್ಮ ನಿಟ್ಟೂರಿನ ಮೇಲೇ ಹೋಗೋದು. ಬೆಂಗಳೂರಲ್ಲಿ ಇಕ್ಕಟ್ಟಾದ ಪೇಟೆ ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಹೊಸ ಬಡಾವಣೆಗೆ ಹೋದ್ರು. ನಮ್ಮ ಹಳ್ಳಿಗಳಲ್ಲಿ ಊರಿಗೆ ಊರೇ ಬಾಗಿಲು ಹಾಕ್ಕೊಂಡು ಹೊಲದಲ್ಲಿ ಗುಡಿಸಲು ಹಾಕ್ಕೊಂಡ್ರು. ಈ ಕಥೆ ನಿಮ್ಮ ಮನೆಯ ಹಿರೇರೂ ಹೇಳಿರ್ತಾರೆ.

ಆಗಿನ ಅಧಿಕಾರಿಗಳು ರೋಗ ಕೆಟ್ಟ ಗಾಳಿಯಿಂದ, ಕತ್ತಲೆಯಿಂದ ಅಂತ ನಂಬಿದ್ರು. ಮುಂಬೈಯಲ್ಲಿ ಮನೆಗಳ ಹೆಂಚು ತೆಗೆಸಿ, ಮಾಡಿಗೆ ತೂತು ಮಾಡಿಸಿ ಬಿಸಿಲು ಬೀಳೋ ಹಾಗೆ ಮಾಡಿದ್ರು. ಕ್ರಿಮೀನ ಯೆರ್ಸಿನ್ ಅನ್ನೋರು 1894ರಲ್ಲೇ ಹಾಂಗ್‌ಕಾಂಗಲ್ಲಿ ಕಂಡಿದ್ರು. ಅದು ಇಲಿ ಚಿಗಟದಿಂದ ಹರಡ್ತದೆ ಅಂತ ಸಿಮಾಂಡ್ ಅನ್ನೋರು 1898ರಲ್ಲೇ ತೋರಿಸಿದ್ರು. ಆದ್ರೆ ಅದನ್ನ ಎಲ್ಲರೂ ಒಪ್ಪೋಕೆ ಇನ್ನೂ ಹತ್ತು ವರ್ಷ ಹಿಡೀತು. ಅಂದ್ರೆ ತಪ್ಪು ಅಟ್ಟದ ಗಾಳಿಯದ್ದಲ್ಲ, ಅಟ್ಟದ ಮೇಲಿನ ಇಲಿಯದ್ದು. ಆದ್ರೂ ಒಂದು ಒಳ್ಳೇದಾಯ್ತು. ಆಮೇಲೆ ಕಟ್ಟಿದ ಮನೆಗಳಲ್ಲಿ ಕಿಟಕಿ ಮೇಲೆ, ಸೂರಿನ ಕೆಳಗೆ, ವೆಂಟಿಲೇಟರ್ ಅನ್ನೋದು ಬಂತು. ನಮ್ಮ ಬಾಯಲ್ಲಿ ಅದು 'ವೆಂಟ್ಲೇಟ್ರು' ಆಯ್ತು. ಕಾರಣ ತಪ್ಪಾದ್ರೂ ಕೆಲಸ ಸರಿಯಾಗೇ ಆಯ್ತು. ಇದರಿಂದ ಕಲಿಯೋದು ಏನಂದ್ರೆ, ಗಾಳಿಗೆ ಬಿಡೋ ದಾರೀಲಿ ಇಲಿ ಬರಬಾರದು. ಜಾಲರಿ ಇಲ್ಲದ ಕಿಂಡಿ ಅರ್ಧ ಕೆಲಸ.

ಈಗ ಹುಡುಗ ಫೋನಲ್ಲಿ ನೋಡಿ ಹೇಳಿದ ಲೆಕ್ಕಕ್ಕೆ ಬರೋಣ. ಅಟ್ಟದ ನೆಲ 300 ಚದರಡಿ ಇದ್ರೆ ಒಂದು ಚದರಡಿ ತೆರಪು ಸಾಕು, ಅಥವಾ 150ಕ್ಕೆ ಒಂದು ಅಂದ್ರೆ ಎರಡು ಚದರಡಿ. ಇದು ಅಮೆರಿಕದ ಲೆಕ್ಕ. ಅಲ್ಲಿ 1930ರ ದಶಕದಲ್ಲಿ ಚಳಿಗೆ ಅಂತ ಮನೆಯ ಗೋಡೆ, ಮಾಡುಗಳಿಗೆ ಹತ್ತಿಯಂಥ ಪದಾರ್ಥ ತುಂಬೋಕೆ ಶುರು ಮಾಡಿದ್ರು. ಕೆಳಗಿನ ಮನೆಯ ಬೆಚ್ಚನೆ ತೇವದ ಗಾಳಿ ಅಟ್ಟಕ್ಕೆ ಹತ್ತಿ, ಹಿಮದಿಂದ ತಣ್ಣಗಾದ ಮಾಡಿಗೆ ತಾಗಿ ನೀರಾಗೋದು, ಮಂಜುಗಟ್ಟೋದು. ಮರ ಕೊಳೆಯೋದು, ಬಣ್ಣ ಸುಲಿಯೋದು. ಮಿನೆಸೋಟಾ ವಿಶ್ವವಿದ್ಯಾಲಯದ ಫ್ರಾಂಕ್ ರೌಲಿ ಅನ್ನೋ ಮೇಷ್ಟ್ರು ಇದನ್ನ ಪರೀಕ್ಷೆ ಮಾಡಿದ್ರು. 1942ರಲ್ಲಿ ಮನೆ ಸಾಲಕ್ಕೆ ಖಾತ್ರಿ ಕೊಡೋ ಅಲ್ಲಿನ ಸರ್ಕಾರಿ ಸಂಸ್ಥೆ 300ಕ್ಕೆ 1 ಅನ್ನೋ ನಿಯಮ ಬರೆದಿಟ್ಟಿತು. ಮುಂದೆ 150ಕ್ಕೆ 1 ಅನ್ನೋದು ಸಾಮಾನ್ಯ ನಿಯಮ ಆಗಿ, ಅರ್ಧ ತೆರಪು ಮೇಲೆ, ಅರ್ಧ ಕೆಳಗೆ ಇದ್ರೆ 300ಕ್ಕೆ 1 ಸಾಕು ಅನ್ನೋ ರಿಯಾಯ್ತಿ ಬಂತು. ಬಹಳ ವರ್ಷ ಆದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್ ಅನ್ನೋರು ಈ ಸಂಖ್ಯೆಯ ಬೇರು ಹುಡುಕ್ಕೊಂಡು ಹೋದ್ರೆ, ಅಡಿಯಲ್ಲಿ ಗಟ್ಟಿ ಪುರಾವೆ ಬಹಳ ಕಮ್ಮಿ ಸಿಕ್ಕಿತು.

ನೋಡಿದ್ರಾ? ಹಿಮ ಬೀಳೋ ಊರಲ್ಲಿ, ಖಾಲಿ ಅಟ್ಟಕ್ಕೆ, ಅಂದಾಜಲ್ಲಿ ಇಟ್ಟ ಸಂಖ್ಯೆ ಅದು. ಅದನ್ನ ತಂದು ಕಾಯಿ ತುಂಬಿದ ನಮ್ಮ ಅಟ್ಟಕ್ಕೆ ಹಾಗೇ ಕೂರಿಸೋಕೆ ಆಗ್ತದಾ?

ನಮ್ಮ ದೇಶದ್ದೂ ಒಂದು ಲೆಕ್ಕ ಐತೆ. 1970ರಲ್ಲಿ ಮೊದಲು ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ, ಜನ ವಾಸ ಮಾಡೋ ಕೋಣೆಗೆ ಕಿಟಕಿ ಎಷ್ಟಿರಬೇಕು ಅಂತ ಹೇಳ್ತಾರೆ. ಒಣ ಸೆಕೆಯ ಸೀಮೆಗೆ ನೆಲದ ಹತ್ತನೇ ಒಂದು ಭಾಗ, ತೇವ ಸೆಕೆಯ ಸೀಮೆಗೆ ಆರನೇ ಒಂದು ಭಾಗ, ಮಧ್ಯದ ಸೀಮೆಗೆ ಎಂಟನೇ ಒಂದು ಭಾಗ. ಹತ್ತನೇ ಒಂದು ಅಂದ್ರೂ 300 ಚದರಡಿ ಅಟ್ಟಕ್ಕೆ 30 ಚದರಡಿ ಕಿಟಕಿ! ಒಬ್ಬರು ಒಂದು ಚದರಡಿ ಅಂತಾರೆ, ಇನ್ನೊಬ್ಬರು 30 ಅಂತಾರೆ. ನಾದಿನಿಗೆ ಗಾಬರಿ ಆಗದೆ ಇನ್ನೇನು?

ಹಾಗಾಗಿ ಅಡುಗೆಮನೆ ಲೆಕ್ಕ ಒಂದು ಹಾಕೋಣ. ಅಟ್ಟದಿಂದ ನಾವು ಹೊರಗೆ ಕಳಿಸಬೇಕಾಗಿರೋದು ಏನು? ನೀರು. ಬಲಿತ ಕಾಯಲ್ಲಿ ಸಣ್ಣ ಲೋಟ ನೀರಿರ್ತದೆ. ಹಸೀ ತಿರುಳಿನ ತೂಕದಲ್ಲಿ ಹೆಚ್ಚು ಕಮ್ಮಿ ಅರ್ಧ ನೀರೇ. ಒಣಗಿದ ಕೊಬ್ಬರೀಲಿ ಉಳಿಯೋದು ನೂರಕ್ಕೆ ಆರೇಳು ಭಾಗ. ಎಲ್ಲಾ ಸೇರಿ ಒಂದು ಕಾಯಿ ಕಾಲು ಲೀಟರ್ ನೀರು ಬಿಡ್ತದೆ ಅಂತ ಇಟ್ಕೊಳ್ಳೋಣ. ಮಟ್ಟೆಯ ತೇವ ಬೇರೆ. ಮೂರು ಸಾವಿರ ಕಾಯಿಗೆ 750 ಲೀಟರ್. ಅಂದ್ರೆ 200 ಲೀಟರಿನ ಡ್ರಮ್ಮು ಮೂರೂ ಮುಕ್ಕಾಲು! ಅಷ್ಟು ನೀರು ಒಂದು ಹನೀನೂ ಸೋರದೆ, ಕಣ್ಣಿಗೆ ಕಾಣದೆ, ಗಾಳಿ ಮೇಲೆ ಹತ್ತಿ ಹೊರಗೆ ಹೋಗಬೇಕು. ಹತ್ತು ತಿಂಗಳಿಗೆ ಹಂಚಿದ್ರೆ ದಿನಕ್ಕೆ ಎರಡೂವರೆ ಲೀಟರ್. ಸುಮ್ಮನೆ ಕೂತ ಒಬ್ಬ ಮನುಷ್ಯ ಉಸಿರಲ್ಲಿ, ಬೆವರಲ್ಲಿ ದಿನಕ್ಕೆ ಸುಮಾರು ಒಂದು ಲೀಟರ್ ನೀರು ಗಾಳಿಗೆ ಬಿಡ್ತಾನೆ. ಅಂದ್ರೆ ನಿಮ್ಮ ಅಟ್ಟದ ಮೇಲೆ ಕಾಣದ ನೆಂಟರು ಎರಡು ಮೂರು ಜನ ವರ್ಷವೆಲ್ಲಾ ಕೂತವ್ರೆ ಅಂತ ತಿಳ್ಕೊಳಿ. ಖಾಲಿ ಅಟ್ಟದ ನಿಯಮ ಯಾಕೆ ಸಾಲದು ಅಂತ ಈಗ ತಿಳೀತಲ್ಲ.

ಇನ್ನೊಂದು ಮೆಟ್ಟಿಲು. ನಮ್ಮ ಕಡೆಯ ಗಾಳಿ ಒಂದು ಘನ ಮೀಟರಿಗೆ ಇನ್ನೂ ನಾಲ್ಕು ಗ್ರಾಂ ನೀರು ಹೊತ್ಕೊಂಡು ಹೋಗ್ತದೆ ಅಂತ ಇಟ್ಕೊಂಡ್ರೆ, ಎರಡೂವರೆ ಲೀಟರಿಗೆ ಆರುನೂರ ಚಿಲ್ಲರೆ ಘನ ಮೀಟರ್ ಗಾಳಿ ಬೇಕು. 300 ಚದರಡಿ ನೆಲ, ಸರಾಸರಿ ಆರಡಿ ಎತ್ತರದ ಅಟ್ಟದಲ್ಲಿ ಹಿಡಿಯೋದು ಸುಮಾರು 50 ಘನ ಮೀಟರ್. ಅಂದ್ರೆ ದಿನಕ್ಕೆ ಹನ್ನೆರಡು ಹದಿಮೂರು ಸಲ, ಎರಡು ಗಂಟೆಗೆ ಒಂದು ಸಲ, ಅಟ್ಟದ ಗಾಳಿ ಪೂರಾ ಬದಲಾಗಬೇಕು. ಹೊಸ ಕಾಯಿ ಏರಿಸಿದ ಮೊದಲ ತಿಂಗಳುಗಳಲ್ಲಿ ಅದರ ಎರಡರಷ್ಟು ಅಂತ ಇಟ್ಕೊಳೋದು ಕ್ಷೇಮ.

ಮಧ್ಯಾಹ್ನ ಶೀಟು ಕಾದಾಗ ಒಂದು ಚದರಡಿ ತೆರಪಲ್ಲೂ ಇಷ್ಟು ಗಾಳಿ ಆಡೀತು. ಬಿಸಿ ಗಾಳಿ ತಾನೇ ಮೇಲಕ್ಕೆ ಓಡ್ತದೆ. ಆದ್ರೆ ರಾತ್ರಿ ತಳ್ಳೋರು ಯಾರು? ಮೋಡ ಕವಿದ ಶ್ರಾವಣದಲ್ಲಿ ತಳ್ಳೋರು ಯಾರು? ಹಿಂದೆ ಅದನ್ನ ತಳ್ತಿದ್ದಿದ್ದು ಕೆಳಗಿನ ಒಲೆ.

ಒಲೆ ಕಥೆ ಇಲ್ಲೇ ಹೇಳ್ಬೇಕು, ಯಾಕಂದ್ರೆ ಅದೂ ನಮ್ಮ ಸೀಮೇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು 'ಅಸ್ತ್ರ' ಅನ್ನೋ ಹಳ್ಳಿ ತಂತ್ರಜ್ಞಾನದ ಕೇಂದ್ರ ಶುರು ಮಾಡಿದ್ರು. ಅದರ ಹಳ್ಳಿ ಕೇಂದ್ರ ಇದ್ದಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. 1980ರ ದಶಕದಲ್ಲಿ ಮನೆ ಮನೆಗೆ ಬಂದ 'ಅಸ್ತ್ರ ಒಲೆ' ಅವರದ್ದೇ. ಮೂರು ಪಾತ್ರೆ ಕೂರೋ ಒಲೆ, ಹೊಗೆ ಕೊಳವೇಲಿ ಸೀದಾ ಹೊರಗೆ. ಸೌದೆ ಉಳೀತು, ಹೆಂಗಸರ ಕಣ್ಣು ಎದೆ ಉಳೀತು. ಆಮೇಲೆ ಗ್ಯಾಸ್ ಬಂತು. ಹೊಗೆ ಹೋಗಿದ್ದಕ್ಕೆ ನಾನಂತೂ ಅಳೋದಿಲ್ಲ. ಹೊಗೆ ಕುಡಿದು ಕೆಮ್ಮಿದ ಅಜ್ಜಿಯರ ಎದೆ ಕೇಳಿದ್ರೆ ಯಾರೂ ಅದನ್ನ ವಾಪಸ್ ಕರೆಯಲ್ಲ. ಆದ್ರೆ ಅಟ್ಟಕ್ಕೆ ಒಂದು ನಷ್ಟ ಆಯ್ತು. ದಿನಾ ಎರಡು ಹೊತ್ತು ಗಾಳಿ ತಳ್ತಿದ್ದ ಬಿಸಿ ನಿಂತೋಯ್ತು. ಅದೇ ಕಾಲದಲ್ಲಿ ಅಡಿಕೆ ದಬ್ಬೆ ಹೋಗಿ ಸಿಮೆಂಟ್ ತಾರಸಿ ಬಂತು, ಸಂದಿನ ಹೆಂಚು ಹೋಗಿ ಸಂದಿಲ್ಲದ ಶೀಟು ಬಂತು. ಗಾಳಿ ಬರೋ ದಾರಿ, ಹೋಗೋ ದಾರಿ, ತಳ್ಳೋ ಬಿಸಿ ಮೂರೂ ಒಂದೇ ತಲೆಮಾರಲ್ಲಿ ಮಾಯ. ಅದಕ್ಕೇ ನಮ್ಮ ಅತ್ತೆಯರು ಕೇಳದ ಪ್ರಶ್ನೆ ನಾವು ಕೇಳಬೇಕಾಗಿ ಬಂದೈತೆ.

ಶೀಟಿನದ್ದು ಇನ್ನೊಂದು ಕಾಟ. ಹಗಲು ಕಾದು, ರಾತ್ರಿ ಬೇಗ ತಣ್ಣಗಾಗ್ತದೆ. ಒಳಗಿನ ತೇವದ ಗಾಳಿ ತಣ್ಣನೆ ತಗಡಿಗೆ ತಾಗಿ ಬೆಳಗಿನ ಜಾವ ಹನಿ ಹನಿಯಾಗಿ ಕಾಯಿ ಮೇಲೆ ಬೀಳ್ತದೆ, ಅನ್ನದ ಪಾತ್ರೆ ಮುಚ್ಚಳದಲ್ಲಿ ಬೆವರು ಬರೋ ಹಾಗೆ. ಹೆಂಚು ಆ ತೇವ ಸ್ವಲ್ಪ ಹೀರಿಕೊಳ್ಳೋದು, ತಗಡು ಹೀರಲ್ಲ. ಅಮೆರಿಕದವರು ಹಿಮದಲ್ಲಿ ಕಂಡ ತೊಂದರೆ ನಮಗೆ ಮಾಗಿ ಚಳೀಲಿ ತಗಡಿನ ಕೆಳಗೆ ಕಾಣ್ತದೆ.

ಹಾಗಾದ್ರೆ ನಾದಿನಿಗೆ ಏನು ಹೇಳ್ದೆ? ಹೀಗೆ.

ಯಾವತ್ತೂ ಮುಚ್ಚದ ತೆರಪು 150ಕ್ಕೆ 1 ಇರಲಿ. 300 ಚದರಡಿಗೆ ಎರಡು ಚದರಡಿ. ಆದ್ರೆ ಅದು ಬರೀ ತೂತಿನ ಲೆಕ್ಕ, ಜಾಲರಿ ಬಿಟ್ಟು. ಸೊಳ್ಳೆ ಜಾಲರಿ ಹಾಕಿದ್ರೆ ಅರ್ಧ ಜಾಗ ತಂತಿಯೇ ತಿಂತದೆ, ಹಾಗಾಗಿ ನಾಲ್ಕು ಚದರಡಿ ಬಿಡಿಸಬೇಕು. ಕಾಲಿಂಚಿನ ಕಬ್ಬಿಣದ ಜಾಲರಿ ಆದ್ರೆ ಇಲಿಗೂ ಆಯ್ತು, ಗಾಳಿಗೂ ಅಷ್ಟು ಅಡ್ಡಿ ಇಲ್ಲ. ಇದರಲ್ಲಿ ಅರ್ಧ ತಳದ ಹತ್ರ, ಅರ್ಧ ಮಾಡಿನ ತುದಿ ಹತ್ರ. ಎಲ್ಲಾ ಮೇಲೇ ಬಿಟ್ರೆ ಒಳಗೆ ಬರೋ ದಾರಿ ಇಲ್ಲದೆ ಗಾಳಿ ಅಲ್ಲೇ ನಿಲ್ತದೆ.

ಅದರ ಜೊತೆಗೆ ಎದುರು ಬದುರು ಗೋಡೇಲಿ ಬಾಗಿಲಿರೋ ಕಿಟಕಿಗಳು, ಎಲ್ಲಾ ಸೇರಿ 30 ಚದರಡಿವರೆಗೆ. ಬಿಸಿಲಿನ ದಿನ ತೆಗೆಯೋದು, ಜಡಿ ಮಳೇಲಿ ಹಾಕೋದು. ಮಳೆಗಾಲದ ಗಾಳಿ ನೀರು ಒಯ್ಯಲ್ಲ, ತರ್ತದೆ. ಹಳೇ ಗವಾಕ್ಷಿಗೆ ಮುಚ್ಚಳ ಇಟ್ಟೋರಿಗೆ ಇದು ಗೊತ್ತಿತ್ತು. ಒಂದು ಚದರಡಿಯೋರು, 30 ಚದರಡಿಯೋರು ಜಗಳ ಆಡೋದೇ ಬ್ಯಾಡ. ಒಂದು ಸದಾ ತೆರೆದಿರೋದು, ಇನ್ನೊಂದು ಹೊತ್ತು ನೋಡಿ ತೆಗೆಯೋದು.

ಕಿಂಡಿಗಿಂತ ಮುಖ್ಯ ಕಾಯಿ ಕೆಳಗಿನ ಸಂದು. ತಾರಸಿ ಮೇಲೆ ನೇರ ಕಾಯಿ ಸುರೀಬ್ಯಾಡಿ. ಒಂದಡಿ ಎತ್ತರಕ್ಕೆ ಕಲ್ಲೋ ಇಟ್ಟಿಗೆಯೋ ಇಟ್ಟು, ಮೇಲೆ ಅಡಿಕೆ ದಬ್ಬೆ ಸಂದು ಬಿಟ್ಟು ಹಾಸಿ, ಅದರ ಮೇಲೆ ಕಾಯಿ. ಗೋಡೆಗೆ ಒತ್ತಿ ಪೇರಿಸಬ್ಯಾಡಿ, ಒಂದು ಗೇಣು ಬಿಡಿ. ರಾಶಿ ಒಳಗೆ ಗಾಳಿ ನುಗ್ಗದೆ ಇದ್ರೆ ಗೋಡೆ ಪೂರ್ತಿ ಕಿಟಕಿ ಮಾಡಿಸಿದ್ರೂ ನಡುವಿನ ಕಾಯಿ ಕೊಳೀತದೆ.

ಇನ್ನೊಂದು ಮಾತು, ಇದು ದುಡ್ಡಿಂದಲ್ಲ. ಬೂಷ್ಟು ಹಿಡಿದ ಗಿಟುಕನ್ನ ಮಾರೋಕೆ ಆಗಲಿಲ್ಲ ಅಂತ ಒರೆಸಿ ಮನೆ ಚಟ್ನಿಗೆ ಹಾಕೋ ಅಭ್ಯಾಸ ನಮ್ಮಲ್ಲೈತೆ. ಬ್ಯಾಡ ಕಣ್ರಮ್ಮ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿ ತಿಂದು ಒಂದು ಲಕ್ಷ ಟರ್ಕಿ ಕೋಳಿ ಸತ್ತವು. ಆವಾಗಲೇ ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಅಂತ ಹೆಸರು ಬಂದಿದ್ದು. ಅದು ಈಲಿ ಕೆಡಿಸ್ತದೆ, ಕೊಬ್ಬರೀಲೂ ಬೆಳೀತದೆ, ಒರೆಸಿದ್ರೆ ಹೋಗಲ್ಲ, ಬೇಯಿಸಿದ್ರೂ ಪೂರಾ ಹೋಗಲ್ಲ.

ಕೊನೆಗೆ, ಅಳತೆ ಸರಿ ಆಯ್ತೋ ಇಲ್ಲವೋ ಅಂತ ತಿಳಿಯೋದು ಸುಲಭ. ಚಳಿಗಾಲದ ಬೆಳಗ್ಗೆ ಅಟ್ಟ ಹತ್ತಿ ಶೀಟಿನ ಒಳಮೈ ಮುಟ್ಟಿ ನೋಡಿ. ಕೈ ಒದ್ದೆ ಆದ್ರೆ ತೆರಪು ಸಾಲದು. ಕಮಟು ವಾಸನೆ ಬಂದ್ರೆ ಕಾಯಿ ಸಂದು ಸಾಲದು. ಎರಡೂ ಇಲ್ಲ ಅಂದ್ರೆ ಒಂದು ಕಾಯಿ ತಗೊಂಡು ಕಿವಿ ಹತ್ರ ಹಿಡಿದು ಅಲ್ಲಾಡಿಸಿ. ಮಿಕ್ಕಿದ್ದು ಅದೇ ಹೇಳ್ತದೆ.